ಡ್ಯೂಕ್ ಮತ್ತು ನಾರ್ತ್ ಕೆರೊಲಿನಾ: ಆ ಗೆಲುವು, ಆ ಹುಡುಗರು, ಆಮೇಲಿನ ಎನ್‌ಬಿಎ. ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ತ್ ಕೆರೊಲಿನಾದ ಕ್ಯಾರಿ, ಮಾರಿಸ್‌ವಿಲ್ ಕಡೆ ಕನ್ನಡದ ಮನೆಗಳು ಬಹಳ ಇವೆ. ಕೆಲಸಕ್ಕೆ ಅಂತ ಇಲ್ಲಿಗೆ ಬಂದವರಿಗೆ ಮೊದಲ ಚಳಿಗಾಲದಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ: ನೀವು ಡ್ಯೂಕಾ, ಕೆರೊಲಿನಾನಾ? ಆಫೀಸಿನಲ್ಲಿ, ಮಕ್ಕಳ ಸ್ಕೂಲಿನಲ್ಲಿ, ಪಕ್ಕದ ಮನೆಯಲ್ಲಿ, ಇದನ್ನು ಕೇಳದೆ ಬಿಡುವವರೇ ಇಲ್ಲ. ಆಮೇಲೆ ಅವರು ನನ್ನ ಹತ್ತಿರ ಬರುತ್ತಾರೆ, ಯಾಕೆಂದರೆ ಈ ಎರಡು ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಬಗ್ಗೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ ಅಂತ ಎಲ್ಲರಿಗೂ ಗೊತ್ತು. ಊಟಕ್ಕೆ ಕೂತಾಗ, ಫೋನಿನಲ್ಲಿ, ಊರಿಂದ ಬರುವ ಮೆಸೇಜುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆ ಚಾಪೆಲ್ ಹಿಲ್ ಕಡೆ, ಅಂದರೆ ಕೆರೊಲಿನಾ ಪಕ್ಷ. ಹಾಗಂತ ಡ್ಯೂಕ್ ಹುಡುಗರ ಆಟವನ್ನು ಕಡಿಮೆ ಮಾಡಿ ಹೇಳುವುದಿಲ್ಲ.

## ಈಗಷ್ಟೇ ನೋಡಲು ಶುರು ಮಾಡಿದವರಿಗೆ

ಕಾಲೇಜು ಹುಡುಗರ ಆಟ ತಾನೇ? ಅದಕ್ಕೆ ಇಷ್ಟೊಂದು ಗಲಾಟೆ ಯಾಕೆ?

ಹತ್ತಿರ ಇರುವುದೇ ಮೊದಲ ಕಾರಣ. ಡರ್ಹಮ್‌ನಲ್ಲಿರುವ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕೆರೊಲಿನಾ, ಎರಡರ ನಡುವೆ ಸುಮಾರು 10 ಮೈಲಿ. ಮೈಸೂರಿಂದ ಶ್ರೀರಂಗಪಟ್ಟಣಕ್ಕೆ ಹೋದಷ್ಟು. ಒಂದೇ ಆಸ್ಪತ್ರೆಯ ಡಾಕ್ಟರುಗಳು, ಒಂದೇ ಬೀದಿಯ ಮನೆಗಳು, ಕೆಲವು ಕಡೆ ಒಂದೇ ಮನೆಯ ಗಂಡ ಹೆಂಡತಿ ಎರಡು ಪಾಲಾಗುತ್ತಾರೆ.

ಎರಡನೆಯದು, ಎರಡರ ಸ್ವಭಾವವೇ ಬೇರೆ. ನಾರ್ತ್ ಕೆರೊಲಿನಾ ರಾಜ್ಯದ ದುಡ್ಡಿನಲ್ಲಿ ನಡೆಯುವ ಹಳೆಯ ವಿಶ್ವವಿದ್ಯಾಲಯ. 1795ರಿಂದ ಅಲ್ಲಿ ಪಾಠ ನಡೆಯುತ್ತಿದೆ. ಡ್ಯೂಕ್ ಖಾಸಗಿ. ಫೀಸು ಜಾಸ್ತಿ, ದೂರದ ರಾಜ್ಯಗಳಿಂದ ಬರುವವರೂ ಜಾಸ್ತಿ. ನಮ್ಮೂರ ಕಾಲೇಜು, ಹೊರಗಿನವರ ಕಾಲೇಜು ಅನ್ನುವ ಮಾತು ಇಲ್ಲಿ ಇವತ್ತಿಗೂ ಕೇಳುತ್ತದೆ.

ಇವೆಲ್ಲದಕ್ಕಿಂತ ದೊಡ್ಡ ಕಾರಣ ಎರಡೂ ತಂಡಗಳು ಚೆನ್ನಾಗಿರುವುದು. 1920ರಲ್ಲಿ ಮೊದಲ ಸಲ ಆಡಿದಾಗ ಡ್ಯೂಕ್‌ಗೆ ಟ್ರಿನಿಟಿ ಕಾಲೇಜು ಅಂತ ಹೆಸರಿತ್ತು. ಅಲ್ಲಿಂದ ಈಚೆಗೆ ನಾರ್ತ್ ಕೆರೊಲಿನಾ ಆರು ಸಲ ರಾಷ್ಟ್ರೀಯ ಟೂರ್ನಮೆಂಟ್ ಗೆದ್ದಿದೆ: 1957, 1982, 1993, 2005, 2009, 2017. ಡ್ಯೂಕ್ ಐದು ಸಲ: 1991, 1992, 2001, 2010, 2015. ಡ್ಯೂಕ್‌ನ ಐದೂ ಒಬ್ಬರೇ ಕೋಚ್ ಕಾಲದ್ದು. ಅವರು ಮೈಕ್ ಶಶೆಫ್‌ಸ್ಕಿ. ಹೆಸರು ನಾಲಿಗೆಗೆ ಕಷ್ಟ, ಅದಕ್ಕೇ ಎಲ್ಲರೂ ಕೋಚ್ ಕೆ ಅನ್ನುತ್ತಾರೆ. ಈ ಕಡೆ ಡೀನ್ ಸ್ಮಿತ್ 1961ರಿಂದ 1997ರವರೆಗೆ ಕೋಚ್ ಆಗಿದ್ದರು. ದೇಶದಲ್ಲೇ ಮೊದಲ ಸಾಲಿನ ಎರಡು ತಂಡಗಳು ಅಕ್ಕಪಕ್ಕದ ಊರಲ್ಲಿದ್ದರೆ ಏನಾಗುತ್ತದೋ ಅದೇ ಇಲ್ಲಿ ಆಗಿದೆ.

ಇಬ್ಬರದೂ ನೀಲಿ ಜೆರ್ಸಿ. ಯಾರು ಯಾರು ಅಂತ ಹೇಗೆ ಗೊತ್ತಾಗೋದು?

ಡ್ಯೂಕ್‌ನದು ಕಡು ನೀಲಿ. ಕೆರೊಲಿನಾದ್ದು ತಿಳಿ ನೀಲಿ, ಮಳೆ ನಿಂತ ಮೇಲಿನ ಆಕಾಶದ ಬಣ್ಣ. ಡ್ಯೂಕ್ ತಂಡಕ್ಕೆ ಬ್ಲೂ ಡೆವಿಲ್ಸ್ ಅಂತ, ಕೆರೊಲಿನಾ ತಂಡಕ್ಕೆ ಟಾರ್ ಹೀಲ್ಸ್ ಅಂತ ಕರೆಯುತ್ತಾರೆ.

ವರ್ಷಕ್ಕೆ ಎಷ್ಟು ಸಲ ಎದುರಾಗ್ತಾರೆ? ಊರಿಂದ ನೋಡೋದಾದ್ರೆ ಎಷ್ಟು ಹೊತ್ತಿಗೆ?

ಇಬ್ಬರೂ ಆಡುವ ಎಸಿಸಿ ಲೀಗಿನಲ್ಲಿ ಸಾಮಾನ್ಯವಾಗಿ ಎರಡು ಪಂದ್ಯ. ಒಂದು ಅಲ್ಲಿ, ಒಂದು ಇಲ್ಲಿ. ಒಂದು ಫೆಬ್ರವರಿ ಮೊದಲ ವಾರದ ಹೊತ್ತಿಗೆ, ಇನ್ನೊಂದು ಮಾರ್ಚ್ ಶುರುವಿನಲ್ಲಿ ಇರುವುದು ರೂಢಿ. ಲೀಗಿನ ಕೊನೆಯ ಟೂರ್ನಮೆಂಟಿನಲ್ಲಿ ಇಬ್ಬರೂ ಮುಂದೆ ಹೋದರೆ ಮೂರನೆಯದೂ ಸಿಗುತ್ತದೆ. ಆಮೇಲೆ ಮಾರ್ಚ್ ಮಧ್ಯದಲ್ಲಿ 68 ತಂಡಗಳ ರಾಷ್ಟ್ರೀಯ ಟೂರ್ನಮೆಂಟ್. ಅಲ್ಲಿ ಒಂದು ಸೋಲು ಅಂದರೆ ಮನೆಗೆ.

ಶನಿವಾರ ಸಂಜೆ 6.30ಕ್ಕೆ ಇಲ್ಲಿ ಆಟ ಶುರುವಾದರೆ ಫೆಬ್ರವರಿಯಲ್ಲಿ ನಿಮಗೆ ಭಾನುವಾರ ಬೆಳಗಿನ ಜಾವ 5 ಗಂಟೆ. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಆಗ ನಿಮಗೆ ಇನ್ನೂ ಒಂದು ಗಂಟೆ ಬೇಗ ಏಳಬೇಕು.

ಎನ್‌ಬಿಎ ನೋಡಿ ಅಭ್ಯಾಸ. ಕಾಲೇಜು ಆಟದಲ್ಲಿ ಏನು ಬೇರೆ?

ಎನ್‌ಬಿಎಯಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಲೀಗಿನಲ್ಲಿ, 12 ನಿಮಿಷದ ನಾಲ್ಕು ಕ್ವಾರ್ಟರ್. ಇಲ್ಲಿ 20 ನಿಮಿಷದ ಎರಡು ಹಾಫ್. ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ಮೇಲೆ ಬುಟ್ಟಿಗೆ ಎಸೆಯಲು ಇರುವ ಸಮಯ, ಅಲ್ಲಿ 24 ಸೆಕೆಂಡ್, ಇಲ್ಲಿ 30. ಮೂರು ಪಾಯಿಂಟಿನ ಗೆರೆ ಅಲ್ಲಿ 7.24 ಮೀಟರ್ ದೂರ, ಇಲ್ಲಿ 6.75. ಅಲ್ಲಿ ಆರು ಫೌಲಿಗೆ ಹೊರಗೆ, ಇಲ್ಲಿ ಐದಕ್ಕೇ.

ಓದುವಾಗ ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಈ ಪುಟದ ಕೊನೆಯ ಭಾಗ ಅರ್ಥವಾಗಬೇಕಾದರೆ ಇದು ನೆನಪಿರಲಿ. ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಕಾಯದೆ ಸುಮ್ನೆ ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಕಾಲೇಜಿನಲ್ಲಿ ನಿಲ್ಲಬಹುದು. ಹಾಗಾಗಿ ಕಾಲೇಜಿನಲ್ಲಿ ಬುಟ್ಟಿಯ ಹತ್ತಿರ ಕಿಕ್ಕಿರಿದಿರುತ್ತದೆ. ಅಲ್ಲಿ ತಳ್ಳಾಡಿ ಗೆಲ್ಲುವ ದೊಡ್ಡ ಮೈಯ ಆಟಗಾರನಿಗೆ ಬೆಲೆ. ಎನ್‌ಬಿಎಯಲ್ಲಿ ಜಾಗ ಜಾಸ್ತಿ, ಓಟ ಜಾಸ್ತಿ, ದೂರದಿಂದ ಎಸೆಯುವುದು ಜಾಸ್ತಿ. ಆಟ ಒಂದೇ, ಬೇಡುವ ಕೆಲಸ ಬೇರೆ.

## ಆ ಗೆಲುವಿನ ಬಗ್ಗೆ

ನೀವೆಲ್ಲ 2022ರ ಪಂದ್ಯ, 2022ರ ಪಂದ್ಯ ಅಂತೀರಲ್ಲ, ಅದು ಯಾವುದು?

ಎರಡಿವೆ. ಜನ ಬೆರೆಸಿಬಿಡುತ್ತಾರೆ, ಅದಕ್ಕೇ ಈ ಗೊಂದಲ.

ಅದು ಕೋಚ್ ಕೆ ಅವರ ಕೊನೆಯ ಸೀಸನ್. 1980ರಿಂದ 42 ಸೀಸನ್ ಡ್ಯೂಕ್‌ನಲ್ಲಿದ್ದವರು. ಈ ಕಡೆ ಹ್ಯೂಬರ್ಟ್ ಡೇವಿಸ್ ಅವರಿಗೆ ಮುಖ್ಯ ಕೋಚ್ ಆಗಿ ಮೊದಲ ಸೀಸನ್. ಫೆಬ್ರವರಿ 5ರಂದು ಚಾಪೆಲ್ ಹಿಲ್‌ಗೇ ಬಂದು ಡ್ಯೂಕ್ 87-67ರಿಂದ ಹೊಡೆದುಹೋಯಿತು. ಅವತ್ತು ನಮ್ಮ ಮನೆಯಲ್ಲಿ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮಾರ್ಚ್ 5 ಮೊದಲನೆಯ ಪಂದ್ಯ. ಡ್ಯೂಕ್‌ನ ಕ್ಯಾಮರೂನ್ ಅಂಗಳದಲ್ಲಿ ಕೋಚ್ ಕೆ ಅವರ ಕೊನೆಯ ಆಟ. ಅಂಗಳ ಚಿಕ್ಕದು, 9,314 ಜನ ಹಿಡಿಯುತ್ತದೆ. ವಿದ್ಯಾರ್ಥಿಗಳು ಟಿಕೆಟಿಗಾಗಿ ವಾರಗಟ್ಟಲೆ ಟೆಂಟ್ ಹಾಕಿಕೊಂಡು ಮಲಗುವ ಜಾಗ ಅದು. ಅವರ ಹಳೆಯ ಆಟಗಾರರು ಹತ್ತಿರ ಹತ್ತಿರ ನೂರು ಜನ ಬಂದು ಕೂತಿದ್ದರು. ಬೀಳ್ಕೊಡುಗೆಗೆ ಎಲ್ಲ ಸಿದ್ಧ. ನಾರ್ತ್ ಕೆರೊಲಿನಾ 94-81ರಿಂದ ಗೆದ್ದಿತು. ನಮ್ಮ ಹುಡುಗರ ಪಾಯಿಂಟ್ ನೋಡಿ: ಬೇಕಾಟ್ 23, ಲವ್ 22, ಆರ್‌ಜೆ ಡೇವಿಸ್ 21, ಮ್ಯಾನೆಕ್ 20. ಆಟ ಮುಗಿದ ಮೇಲೆ ಕೋಚ್ ಕೆ ಮೈಕ್ ಹಿಡಿದು ತಮ್ಮ ಜನರ ಕ್ಷಮೆ ಕೇಳಿದರು. ಗೆದ್ದ ಕಡೆಯವನಾದ ನನಗೂ ಅದನ್ನು ನೋಡುವಾಗ ಮನಸ್ಸು ಭಾರವಾಯಿತು.

ಎರಡನೆಯದು ಏಪ್ರಿಲ್ 2. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್, ಫೈನಲ್ ಫೋರ್ ಅಂದರೆ ಸೆಮಿಫೈನಲ್. ಒಂದು ಶತಮಾನ ಆಡಿದ ಈ ಎರಡು ತಂಡಗಳು ರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಎದುರಾಗಿದ್ದು ಅದೇ ಮೊದಲು. ನಾರ್ತ್ ಕೆರೊಲಿನಾ 81, ಡ್ಯೂಕ್ 77. ಕೋಚ್ ಕೆ ಅವರ ಕೆಲಸ ಅಲ್ಲಿಗೆ ಮುಗಿಯಿತು. ನಾವು 2022ರ ಪಂದ್ಯ ಅಂತ ಬರೀ ಅಷ್ಟೇ ಹೇಳಿದರೆ ಇದು.

ಕೊನೆಯ ಎರಡು ನಿಮಿಷದಲ್ಲಿ ಆಗಿದ್ದೇನು? ಯಾರು ಹೇಳಿದರೂ ಬೇರೆ ಬೇರೆ ಹೇಳ್ತಾರೆ.

ಮೊದಲು ಆ ದಿನ. 2022ರಲ್ಲಿ ಯುಗಾದಿ ಬಿದ್ದಿದ್ದು ಏಪ್ರಿಲ್ 2ಕ್ಕೇ. ಇಲ್ಲಿಯ ಕನ್ನಡದ ಮನೆಗಳಲ್ಲಿ ಬೆಳಿಗ್ಗೆ ಬೇವು ಬೆಲ್ಲ, ಮಧ್ಯಾಹ್ನ ಒಬ್ಬಟ್ಟು, ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಟಿವಿ ಮುಂದೆ. ಊರಲ್ಲಿ ಆಗ ವರ್ಷತೊಡಕಿನ ಭಾನುವಾರ ಬೆಳಿಗ್ಗೆ. ನಮ್ಮ ಮಾವನವರು ಮೈಸೂರಿನಿಂದ ಫೋನಿನಲ್ಲಿ ಸ್ಕೋರ್ ಕೇಳುತ್ತಲೇ ಇದ್ದರು.

ಮುನ್ನಡೆ 18 ಸಲ ಕೈ ಬದಲಾಯಿತು. 12 ಸಲ ಸ್ಕೋರ್ ಸಮ ಆಯಿತು. ಕೊನೆಯ ಎರಡು ನಿಮಿಷದೊಳಗೆ ಮ್ಯಾನೆಕ್ ದೂರದಿಂದ ಮೂರು ಹಾಕಿದ. ಕೆರೊಲಿನಾ ಮುಂದೆ. ತಕ್ಷಣ ಡ್ಯೂಕ್‌ನ ವೆಂಡೆಲ್ ಮೂರ್ ಅದೇ ಉತ್ತರ ಕೊಟ್ಟ. ಡ್ಯೂಕ್ 74, ಕೆರೊಲಿನಾ 73. ಆರ್‌ಜೆ ಡೇವಿಸ್ ಎರಡು ಫ್ರೀ ಥ್ರೋ (ಎದುರಿನವರ ಫೌಲಿಗೆ ಸಿಗುವ, ಯಾರೂ ತಡೆಯದ ಎಸೆತ) ಹಾಕಿದ, 75-74. ಆಮೇಲೆ ಡ್ಯೂಕ್‌ನ ಮಾರ್ಕ್ ವಿಲಿಯಮ್ಸ್‌ಗೆ ಎರಡು ಫ್ರೀ ಥ್ರೋ ಸಿಕ್ಕಿತು. ಎರಡೂ ಹೋಗಲಿಲ್ಲ.

ಚೆಂಡು ಕೇಲಬ್ ಲವ್ ಕೈಗೆ ಬಂತು. ಅವನ ಎದುರಿಗೆ ಅದೇ ಏಳಡಿ ಎತ್ತರದ ವಿಲಿಯಮ್ಸ್ ಬಂದು ನಿಂತ. 25 ಸೆಕೆಂಡ್ ಉಳಿದಿತ್ತು. ಒಳಗೆ ನುಗ್ಗುವುದು ಬಿಟ್ಟು, ಲವ್ ಅವನ ಚಾಚಿದ ಕೈಯ ಮೇಲಿಂದ ಎಸೆದ. ಮೂರು ಪಾಯಿಂಟ್. 78-74. ಉಳಿದಿದ್ದನ್ನು ಫ್ರೀ ಥ್ರೋಗಳಲ್ಲಿ ಮುಗಿಸಿದ. ಅವತ್ತು ಅವನದು 28.

ಬೇರೆ ಬೇರೆ ಕಥೆ ಯಾಕೆ ಅಂದರೆ, ಡ್ಯೂಕ್‌ನವರು ಆ ಎರಡು ಫ್ರೀ ಥ್ರೋ ಹೇಳುತ್ತಾರೆ, ನಾವು ಆ ಒಂದು ಹೊಡೆತ ಹೇಳುತ್ತೇವೆ. ಎರಡೂ ನಿಜ. ಮಾರ್ಕ್ ವಿಲಿಯಮ್ಸ್‌ನನ್ನು ಮಾತ್ರ ದೂರುವವರ ಜೊತೆ ನಾನು ಸೇರುವುದಿಲ್ಲ. ಇಪ್ಪತ್ತರ ಹುಡುಗ. ಎಪ್ಪತ್ತು ಸಾವಿರ ಜನ ಕೂರುವ ಜಾಗದಲ್ಲಿ ಒಬ್ಬನೇ ಗೆರೆಯ ಮೇಲೆ ನಿಂತಿದ್ದ.

ಎಲ್ಲರೂ ಲವ್ ಲವ್ ಅಂತಾರೆ. ಬೇಕಾಟ್ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಈ ಪ್ರಶ್ನೆ ಕೇಳಿದವರಿಗೆ ನನ್ನ ಕಡೆಯಿಂದ ಒಂದು ಕಾಫಿ. ಅರ್ಮಾಂಡೊ ಬೇಕಾಟ್ ಅವತ್ತು 21 ರಿಬೌಂಡ್ ಹಿಡಿದ. ಎರಡನೇ ಹಾಫಿನಲ್ಲಿ ಕಾಲು ಉಳುಕಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಕುಂಟುತ್ತಲೇ ವಾಪಸ್ ಬಂದ. ಕೊನೆಯ ನಿಮಿಷದಲ್ಲಿ ಐದನೇ ಫೌಲ್ ಆಗಿ ಮತ್ತೆ ಕೂರಬೇಕಾಯಿತು. ಲವ್ ಆ ಹೊಡೆತ ಹೊಡೆದಾಗ ಬೇಕಾಟ್ ಅಂಗಳದಲ್ಲೇ ಇರಲಿಲ್ಲ.

ರಿಬೌಂಡ್ ಅಂದರೆ ಹೋಗದೆ ಬಿದ್ದ ಚೆಂಡನ್ನು ಹಿಡಿಯುವುದು. ಟಿವಿಯಲ್ಲಿ ಅದು ಕೆಲಸದ ಹಾಗೆ ಕಾಣುವುದೇ ಇಲ್ಲ. ಆದರೆ ಎದುರಿನವರಿಗೆ ಎರಡನೇ ಅವಕಾಶ ಸಿಗದ ಹಾಗೆ ಮಾಡುವುದು ಅದೇ. ನಾಲ್ಕು ಪಾಯಿಂಟಿನಲ್ಲಿ ಮುಗಿದ ಆಟದಲ್ಲಿ 21 ಸಲ ಅದನ್ನು ಒಬ್ಬನೇ ಮಾಡಿದ್ದಾನೆ.

ಎರಡು ದಿನ ಬಿಟ್ಟು ಫೈನಲ್ ಸೋತರಲ್ಲ. ಆಮೇಲೂ ಹಬ್ಬ ಮಾಡೋದು ಸರೀನಾ?

ಸೋತೆವು. ಏಪ್ರಿಲ್ 4ರಂದು ಅರ್ಧ ಆಟಕ್ಕೆ 15 ಪಾಯಿಂಟ್ ಮುಂದಿದ್ದು, ಕೊನೆಗೆ ಕಾನ್ಸಾಸ್ ಎದುರು 72-69. ಆ ನೋವು ಇನ್ನೂ ಇದೆ. ಹಾಗಂತ ಶನಿವಾರದ್ದು ಅಳಿಸಿಹೋಗುವುದಿಲ್ಲ. ಚಾಪೆಲ್ ಹಿಲ್‌ನ ಫ್ರಾಂಕ್ಲಿನ್ ಸ್ಟ್ರೀಟಿನಲ್ಲಿ ಅವತ್ತು ಸಾವಿರಾರು ಜನ ಬೀದಿಗಿಳಿದರು. ಅವರಲ್ಲಿ ಯಾರೂ ಸೋಮವಾರದ ಫಲಿತಾಂಶಕ್ಕೆ ಕಾದಿರಲಿಲ್ಲ.

## ಡ್ರಾಫ್ಟ್ ಅಂದರೆ

ಡ್ರಾಫ್ಟ್ ಅಂದ್ರೆ ನಮ್ಮ ಐಪಿಎಲ್ ಹರಾಜಿನ ಥರಾನಾ?

ಅಲ್ಲ. ಹರಾಜಿನಲ್ಲಿ ದುಡ್ಡು ಕೂಗುತ್ತಾರೆ. ಇಲ್ಲಿ ಎನ್‌ಬಿಎ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸುತ್ತವೆ. ಹಿಂದಿನ ಸೀಸನ್ನಿನಲ್ಲಿ ಪ್ಲೇಆಫ್ ತಲುಪದ 14 ತಂಡಗಳಿಗೆ ಲಾಟರಿ ಎತ್ತಿ ಮೊದಲ ಸ್ಥಾನಗಳನ್ನು ಹಂಚುತ್ತಾರೆ. ಕೆಟ್ಟದಾಗಿ ಆಡಿದವರಿಗೆ ಮೊದಲ ಆಯ್ಕೆ ಸಿಗುವ ಅವಕಾಶ ಜಾಸ್ತಿ. ಎರಡು ಸುತ್ತು, ಸಾಮಾನ್ಯವಾಗಿ 60 ಹೆಸರು. 2022ರಲ್ಲಿ ಎರಡು ತಂಡಗಳು ತಮ್ಮ ಸರದಿ ಕಳೆದುಕೊಂಡಿದ್ದರಿಂದ 58.

ಯಾವ ತಂಡ ಕರೆಯಿತೋ ಅಲ್ಲಿಗೇ ಹೋಗಬೇಕು. ಮೊದಲ ಸುತ್ತಿನವರ ಸಂಬಳ ಎಷ್ಟನೆಯವರಾಗಿ ಆಯ್ಕೆಯಾದರು ಅನ್ನುವುದರ ಮೇಲೆ ಹೆಚ್ಚುಕಡಿಮೆ ಗೊತ್ತಾಗಿರುತ್ತದೆ. ಅವರಿಗೆ ಎರಡು ವರ್ಷ ಖಾತ್ರಿ, ಮುಂದಿನ ಎರಡು ವರ್ಷ ತಂಡದ ಇಷ್ಟ. ಎರಡನೇ ಸುತ್ತಿನವರಿಗೆ ಅಂಥ ಖಾತ್ರಿ ಇಲ್ಲ. 30ನೆಯವನಿಗೂ 31ನೆಯವನಿಗೂ ಆಟದಲ್ಲಿ ವ್ಯತ್ಯಾಸ ಇರದೆ ಹೋಗಬಹುದು, ಬದುಕಿನಲ್ಲಿ ಬಹಳ ಇರುತ್ತದೆ.

ಗೆದ್ದ ತಂಡದಿಂದ ಯಾರೂ ಆಯ್ಕೆ ಆಗಲಿಲ್ಲ, ಸೋತವರಿಂದ ಐದು ಜನ. ಇದು ಅನ್ಯಾಯ ಅಲ್ವಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಈ ಪುಟ ಬರೆಯಲು ಕೂತಿದ್ದೂ ಇದಕ್ಕಾಗಿಯೇ.

ಲೆಕ್ಕ ನೋಡಿ. 2022ರ ಜೂನ್ 23ರಂದು ಡ್ಯೂಕ್‌ನ ಪೌಲೊ ಬ್ಯಾಂಕೆರೊ ಮೊದಲನೆಯವನಾಗಿ ಆರ್ಲ್ಯಾಂಡೊಗೆ ಹೋದ. ಮಾರ್ಕ್ ವಿಲಿಯಮ್ಸ್ 15ನೆಯವನು, ಎಜೆ ಗ್ರಿಫಿನ್ 16, ವೆಂಡೆಲ್ ಮೂರ್ 26, ಟ್ರೆವರ್ ಕೀಲ್ಸ್ 42. ಕೆರೊಲಿನಾದ ಆ ಐದು ಜನ, ಬೆಂಚಿನ ಬದಲಿ ಆಟಗಾರರನ್ನು ಹೆಚ್ಚು ನಂಬದೆ ಆಟವನ್ನೆಲ್ಲ ಹೆಗಲ ಮೇಲೆ ಹೊತ್ತವರು, ಅವರಿಗೆ ಐರನ್ ಫೈವ್ ಅಂತ ಹೆಸರು. ಮ್ಯಾನೆಕ್ 2022ರಲ್ಲಿ, ಲೀಕಿ ಬ್ಲ್ಯಾಕ್ 2023ರಲ್ಲಿ, ಬೇಕಾಟ್ 2024ರಲ್ಲಿ, ಲವ್ ಮತ್ತು ಡೇವಿಸ್ 2025ರಲ್ಲಿ ಕಾಲೇಜು ಮುಗಿಸಿದರು. ನಾಲ್ಕು ಡ್ರಾಫ್ಟ್, ಐದು ಹುಡುಗರು. ಒಬ್ಬನ ಹೆಸರನ್ನೂ ಯಾರೂ ಕೂಗಲಿಲ್ಲ.

ಅನ್ಯಾಯ ಅಂತ ನಾನು ಹೇಳುವುದಿಲ್ಲ. ಡ್ರಾಫ್ಟ್ ಬಹುಮಾನ ಕೊಡುವ ಸಭೆ ಅಲ್ಲ. ಮುಂದಿನ ಹತ್ತು ವರ್ಷದಲ್ಲಿ ಈ ಹುಡುಗ ಎಲ್ಲಿಗೆ ಬೆಳೆಯಬಹುದು ಅಂತ ಅಂದಾಜು ಹಾಕುವ ಜಾಗ. ಪಂದ್ಯ ಕೇಳುವುದು ಇವತ್ತು ರಾತ್ರಿ ಯಾರು ಒಟ್ಟಿಗೆ ಚೆನ್ನಾಗಿ ಆಡುತ್ತಾರೆ ಅಂತ. ಬ್ಯಾಂಕೆರೊಗೆ ಆಗ 19 ವರ್ಷ. 6 ಅಡಿ 10 ಅಂಗುಲ ಎತ್ತರ ಇದ್ದು, ಚುರುಕಾದ ಚಿಕ್ಕ ಆಟಗಾರರ (ಗಾರ್ಡ್) ಥರ ಚೆಂಡು ಓಡಿಸುತ್ತಿದ್ದ. ಸೋತ ರಾತ್ರಿಯೂ 20 ಪಾಯಿಂಟ್, 10 ರಿಬೌಂಡ್. ಅವನನ್ನು ಮೊದಲು ಕರೆದಿದ್ದು ಸರಿಯೇ.

ನನಗೆ ನೋವಾಗುವುದು ಬೇರೆ ಮಾತಿಗೆ. ಆಯ್ಕೆ ಆಗಲಿಲ್ಲ ಅನ್ನುವುದನ್ನೇ ಹಿಡಿದುಕೊಂಡು, ಹಾಗಾದರೆ ಆ ಗೆಲುವು ಅದೃಷ್ಟದ್ದು ಅನ್ನುತ್ತಾರಲ್ಲ, ಅದಕ್ಕೆ. ಒಂದೇ ತಿಂಗಳಲ್ಲಿ ಎರಡು ಸಲ, ಒಂದು ಅವರ ಅಂಗಳದಲ್ಲಿ, ಒಂದು ದೇಶವೆಲ್ಲ ನೋಡುವಾಗ. ಅವರು ಗೆದ್ದಿದ್ದು ಚೆನ್ನಾಗಿ ಆಡಿದ್ದಕ್ಕೆ.

ಹಾಗಾದ್ರೆ ಸ್ಕೌಟ್‌ಗಳು ನೋಡೋದೇನು? ಪಾಯಿಂಟ್ ಲೆಕ್ಕ ಬೇಡ್ವಾ?

ತಂಡಗಳಿಗಾಗಿ ಹೊಸ ಆಟಗಾರರನ್ನು ಹುಡುಕುವ ಈ ಸ್ಕೌಟ್‌ಗಳಿಗೆ ಅದೂ ಬೇಕು, ಆದರೆ ಅದಕ್ಕಿಂತ ಮುಂಚೆ ವಯಸ್ಸು. 19ರಲ್ಲಿ ಹಾಕಿದ 15 ಪಾಯಿಂಟಿಗೂ 23ರಲ್ಲಿ ಹಾಕಿದ 15 ಪಾಯಿಂಟಿಗೂ ಅವರ ಕಣ್ಣಲ್ಲಿ ಬೆಲೆ ಬೇರೆ. ಆಮೇಲೆ ಎತ್ತರ, ಎರಡೂ ಕೈ ಚಾಚಿದರೆ ಎಷ್ಟುದ್ದ, ಕಾಲಿನ ಚುರುಕು. ಹಿಂದೆ ಹೇಳಿದ ಆ ದೂರದ ಗೆರೆಯಿಂದ ಎಸೆಯಬಲ್ಲನಾ, ತನಗಿಂತ ಚುರುಕಾದವನನ್ನು ತಡೆಯಬಲ್ಲನಾ.

ಈ ಕಣ್ಣಿಂದ ನೋಡಿ. ಬೇಕಾಟ್ ಬುಟ್ಟಿಯ ಹತ್ತಿರದ ಆಟಗಾರ, ದೂರದಿಂದ ಎಸೆಯುವವನಲ್ಲ. ಡೇವಿಸ್ ಎತ್ತರ ಆರಡಿ ಅಷ್ಟೇ. ಲವ್ ಒಂದು ರಾತ್ರಿ 28 ಹಾಕಿದರೆ ಇನ್ನೊಂದು ರಾತ್ರಿ ಎಸೆದಿದ್ದೆಲ್ಲ ಹೊರಗೆ. ಕಾಲೇಜಿನಲ್ಲಿ ಇವು ದೊಡ್ಡ ಕೊರತೆಯಲ್ಲ, ಎನ್‌ಬಿಎಯಲ್ಲಿ ಹೌದು.

ಹಳೆಯ ಉದಾಹರಣೆ ಒಂದಿದೆ, ನಮ್ಮ ಕಡೆಯದ್ದೇ. 2005ರಲ್ಲಿ ಕೆರೊಲಿನಾ ಚಾಂಪಿಯನ್ ಆದಾಗ ಫೈನಲ್ ಫೋರ್‌ನ ಶ್ರೇಷ್ಠ ಆಟಗಾರ ಶಾನ್ ಮೇ. ಮಾರ್ವಿನ್ ವಿಲಿಯಮ್ಸ್ ಆ ತಂಡದಲ್ಲಿ ಬೆಂಚಿನಿಂದ ಎದ್ದುಬರುತ್ತಿದ್ದ ಮೊದಲ ವರ್ಷದ ಹುಡುಗ. ಡ್ರಾಫ್ಟಿನಲ್ಲಿ ಮಾರ್ವಿನ್ ಎರಡನೆಯವನು, ಮೇ ಹದಿಮೂರನೆಯವನು. ಮಾರ್ವಿನ್ ಎನ್‌ಬಿಎಯಲ್ಲಿ 15 ಸೀಸನ್ ಆಡಿದ. ಮೇ ಗಾಯಗಳಿಂದ ಬೇಗ ನಿಂತುಹೋದ. ಆದರೂ ಚಾಪೆಲ್ ಹಿಲ್‌ನಲ್ಲಿ 2005 ಅಂದ ತಕ್ಷಣ ಬರುವ ಮೊದಲ ಹೆಸರು ಮೇ.

ಒಂದೇ ವರ್ಷ ಓದಿ ಹೊರಟುಬಿಟ್ರೆ ಡಿಗ್ರಿ ಗತಿ ಏನು?

ಇದನ್ನು ಕೇಳುವವರು ಹೆಚ್ಚಾಗಿ ಅಮ್ಮಂದಿರು. ಎನ್‌ಬಿಎ ನಿಯಮದ ಪ್ರಕಾರ ಅಮೆರಿಕದ ಹುಡುಗ ಡ್ರಾಫ್ಟಿಗೆ ಬರಬೇಕಾದರೆ ಆ ವರ್ಷ 19 ತುಂಬಬೇಕು, ಹೈಸ್ಕೂಲ್ ಮುಗಿದು ಒಂದು ವರ್ಷ ಆಗಿರಬೇಕು. 2006ರ ಡ್ರಾಫ್ಟಿನಿಂದ ಹೀಗಿದೆ. ಹಾಗಾಗಿ ಒಂದು ವರ್ಷ ಆಡಿ ಹೊರಡುವವರು ಇದ್ದಾರೆ. ಬ್ಯಾಂಕೆರೊ, ಗ್ರಿಫಿನ್, ಕೀಲ್ಸ್ ಮೂವರೂ ಹಾಗೇ.

ಆದರೆ ಬಾಗಿಲು ಮುಚ್ಚುವುದಿಲ್ಲ. ನಮ್ಮ ಕೆರೊಲಿನಾದ ಮೈಕಲ್ ಜೋರ್ಡನ್ 1984ರಲ್ಲಿ ಮೂರು ವರ್ಷ ಮುಗಿಸಿ ಹೊರಟವನು, ವಾಪಸ್ ಓದಿ 1986ರಲ್ಲಿ ಭೂಗೋಳದಲ್ಲಿ ಡಿಗ್ರಿ ತಗೊಂಡ. ಕೆರೊಲಿನಾದಿಂದಲೇ ಎನ್‌ಬಿಎಗೆ ಹೋಗಿದ್ದ ವಿನ್ಸ್ ಕಾರ್ಟರ್ 2001ರ ಮೇ ತಿಂಗಳಲ್ಲಿ ಬೆಳಿಗ್ಗೆ ಚಾಪೆಲ್ ಹಿಲ್‌ಗೆ ಹಾರಿಬಂದು ಪದವಿ ಸಮಾರಂಭದಲ್ಲಿ ಕೂತ. ಅದೇ ದಿನ ಫಿಲಡೆಲ್ಫಿಯಾದಲ್ಲಿ ಪ್ಲೇಆಫಿನ ಏಳನೇ ಪಂದ್ಯ ಆಡಿದ. ಗೆಲ್ಲಿಸಬಹುದಾಗಿದ್ದ ಕೊನೆಯ ಎಸೆತ ಹೋಗಲಿಲ್ಲ. ಪದವಿಗೆ ಹೋಗಿದ್ದೇ ತಪ್ಪು ಅಂತ ಆಗ ಬೈದವರು ಬಹಳ. ನನಗೆ ಹಾಗೆ ಅನ್ನಿಸಿಲ್ಲ.

## ಇನ್ನೂ ಆಳಕ್ಕೆ

ಡ್ರಾಫ್ಟಿನಲ್ಲಿ ಹೆಸರು ಬರದಿದ್ರೆ ಆಟ ಮುಗೀತಾ?

ಇಲ್ಲ. ದಾರಿಗಳಿವೆ, ಉದ್ದ ಅಷ್ಟೇ. ಬೇಸಿಗೆಯಲ್ಲಿ ಲಾಸ್ ವೇಗಸ್‌ನ ಸಮ್ಮರ್ ಲೀಗಿನಲ್ಲಿ ಆಡಿ ತೋರಿಸಬಹುದು. ಅಲ್ಲಿಂದ ತಂಡದ ತರಬೇತಿ ಶಿಬಿರ. ಅಲ್ಲಿಂದ ಟೂ-ವೇ ಒಪ್ಪಂದ, ಅಂದರೆ ಎನ್‌ಬಿಎ ತಂಡಕ್ಕೂ ಕೆಳಗಿನ ಹಂತದ ಅದರ ಜಿ ಲೀಗ್ ತಂಡಕ್ಕೂ ಓಡಾಡಿಕೊಂಡು ಆಡುವುದು. ಒಂದೊಂದು ತಂಡಕ್ಕೆ ಇಂಥ ಮೂರು ಜಾಗ. ಒಬ್ಬ ಒಂದು ಸೀಸನ್ನಿನಲ್ಲಿ ಎನ್‌ಬಿಎಯಲ್ಲಿ ಹೆಚ್ಚೆಂದರೆ 50 ಪಂದ್ಯಕ್ಕೆ ಇರಬಹುದು. ಇಲ್ಲವಾದರೆ ಯುರೋಪ್.

ಆ ಐವರೇ ಉದಾಹರಣೆ. ಲೀಕಿ ಬ್ಲ್ಯಾಕ್ ಷಾರ್ಲೆಟ್‌ನಲ್ಲಿ ಟೂ-ವೇ ಪಡೆದು ಎನ್‌ಬಿಎ ಅಂಗಳಕ್ಕೆ ಇಳಿದ. ಲವ್‌ಗೆ 2025ರ ಬೇಸಿಗೆಯಲ್ಲಿ ಪೋರ್ಟ್‌ಲ್ಯಾಂಡ್ ಟೂ-ವೇ ಕೊಟ್ಟಿತು. ಡೇವಿಸ್ ಎನ್‌ಬಿಎಯ ಲೇಕರ್ಸ್ ತಂಡದ ಶಿಬಿರದ ದಾರಿ ಹಿಡಿದ. ಬೇಕಾಟ್ ಜಿ ಲೀಗಿಗೆ ಹೋದ. ಮ್ಯಾನೆಕ್ ಟರ್ಕಿಗೆ, ಆಮೇಲೆ ಲಿಥುವೇನಿಯಾದ ಜಾಲ್ಗಿರಿಸ್‌ಗೆ. ಲಿಥುವೇನಿಯಾದಲ್ಲಿ ಬ್ಯಾಸ್ಕೆಟ್‌ಬಾಲ್ ಅಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. ಅಲ್ಲಿ ಆಡುವುದನ್ನು ಸೋಲು ಅನ್ನಬೇಡಿ.

ಆಯ್ಕೆ ಆದ ಡ್ಯೂಕ್ ಹುಡುಗರೆಲ್ಲ ಸ್ಟಾರ್ ಆದ್ರಾ?

ಒಬ್ಬ ಆದ. ಬ್ಯಾಂಕೆರೊ ಮೊದಲ ವರ್ಷವೇ ವರ್ಷದ ಹೊಸ ಆಟಗಾರ, 2024ರಲ್ಲಿ ಆಲ್ ಸ್ಟಾರ್, 2025ರ ಜುಲೈನಲ್ಲಿ ಐದು ವರ್ಷಕ್ಕೆ ಕಡಿಮೆ ಅಂದರೂ 239 ಮಿಲಿಯನ್ ಡಾಲರ್ ಒಪ್ಪಂದ. ಮಾರ್ಕ್ ವಿಲಿಯಮ್ಸ್ ಚೆನ್ನಾಗಿ ಆಡುತ್ತಾನೆ, ಗಾಯಗಳು ಬಿಡುತ್ತಿಲ್ಲ. 2025ರ ಫೆಬ್ರವರಿಯಲ್ಲಿ ಲೇಕರ್ಸ್‌ಗೆ ಹೋಗಬೇಕಿದ್ದವನು ವೈದ್ಯಕೀಯ ಪರೀಕ್ಷೆಯ ಕಾರಣಕ್ಕೆ ವಾಪಸ್ ಬಂದ. ಆ ಬೇಸಿಗೆಯಲ್ಲಿ ಫೀನಿಕ್ಸ್ ಸೇರಿದ. ಮೂರ್ ಮಿನ್ನೆಸೋಟಾದಲ್ಲಿ ಶುರು ಮಾಡಿ ತಂಡ ಬದಲಿಸುತ್ತಾ ಹೋದ. ಕೀಲ್ಸ್ ನ್ಯೂಯಾರ್ಕಿನ ನಿಕ್ಸ್ ತಂಡದಲ್ಲಿ ಟೂ-ವೇ ಆಟಗಾರನಾಗಿದ್ದ.

ಗ್ರಿಫಿನ್ ಕಥೆ ಬೇರೆ. ಫೆಬ್ರವರಿಯ ಆ ಪಂದ್ಯದಲ್ಲಿ ನಮ್ಮ ಮೇಲೆ 27 ಹಾಕಿದವನು, ಅಷ್ಟು ಮೃದುವಾದ ಎಸೆತ. 2024ರಲ್ಲಿ, ಇನ್ನೂ 21ರ ವಯಸ್ಸಿನಲ್ಲಿ, ತನ್ನ ಕ್ರೈಸ್ತ ನಂಬಿಕೆಯ ಸೇವೆಗೆ ಬದುಕು ಕೊಡಬೇಕು ಅಂತ ಆಟವನ್ನೇ ಬಿಟ್ಟ. ಯಾವ ಸ್ಕೌಟ್ ಪಟ್ಟಿಯಲ್ಲೂ ಇದಕ್ಕೆ ಜಾಗ ಇರಲಿಲ್ಲ.

ಬೇಕಾಟ್, ಡೇವಿಸ್ ಐದೈದು ವರ್ಷ ಕಾಲೇಜಿನಲ್ಲೇ ಇದ್ರು. ಯಾಕೆ?

ಮೂರು ಬದಲಾವಣೆ ಒಟ್ಟಿಗೆ ಬಂದವು. ಕೊರೊನಾ ಕಾಲದ 2020-21ರ ಸೀಸನ್ ಲೆಕ್ಕಕ್ಕೆ ಇಲ್ಲ ಅಂತ ಎಲ್ಲರಿಗೂ ಒಂದು ವರ್ಷ ಹೆಚ್ಚಿಗೆ ಸಿಕ್ಕಿತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು ಅಂತ ಆಯಿತು. ಅದೇ ವರ್ಷದಿಂದ ಕಾಲೇಜು ಬದಲಿಸಿದರೂ ಒಂದು ವರ್ಷ ಕಾಯಬೇಕಿಲ್ಲ ಅಂತಾಯಿತು. 2025ರ ಜುಲೈನಿಂದ ಕಾಲೇಜುಗಳೇ ನೇರ ದುಡ್ಡು ಕೊಡುತ್ತಿವೆ. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ ಸುಮಾರು 20.5 ಮಿಲಿಯನ್ ಡಾಲರ್ ಮಿತಿ.

ಎರಡನೇ ಸುತ್ತಿನ ಅಂಚಿನಲ್ಲಿರುವ ಹುಡುಗನಿಗೆ ಇದು ದೊಡ್ಡ ಮಾತು. ಜಿ ಲೀಗಿನಲ್ಲಿ ಅರ್ಧ ತುಂಬಿದ ಅಂಗಳದಲ್ಲಿ ಆಡುವ ಬದಲು 21,750 ಜನ ತುಂಬುವ ಡೀನ್ ಸ್ಮಿತ್ ಸೆಂಟರಿನಲ್ಲಿ ಆಡಿ, ಓದಿ, ಸಂಪಾದಿಸಬಹುದು. ಬೇಕಾಟ್ ಕೆರೊಲಿನಾದ ಅತಿ ಹೆಚ್ಚು ರಿಬೌಂಡಿನ ಆಟಗಾರನಾದ. ಡೇವಿಸ್ 2024ರಲ್ಲಿ ಲೀಗಿನ ಶ್ರೇಷ್ಠ ಆಟಗಾರ. ಕೆರೊಲಿನಾದ ಇಡೀ ಇತಿಹಾಸದಲ್ಲಿ ಟೈಲರ್ ಹ್ಯಾನ್ಸ್‌ಬ್ರೋ ಒಬ್ಬನೇ ಅವನಿಗಿಂತ ಜಾಸ್ತಿ ಪಾಯಿಂಟ್ ಹಾಕಿದವನು.

ನಮ್ಮ ಮಗ ಹೈಸ್ಕೂಲ್ ತಂಡದಲ್ಲಿದಾನೆ. ಎನ್‌ಬಿಎ ಕನಸು ಕಾಣಬಹುದಾ?

ಲೆಕ್ಕ ಹೇಳುತ್ತೇನೆ. ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳು. ಒಂದಕ್ಕೆ 13 ಹುಡುಗರು ಅಂತ ಹಿಡಿದರೂ ನಾಲ್ಕೂವರೆ ಸಾವಿರ. ಡ್ರಾಫ್ಟಿನಲ್ಲಿ 60 ಜಾಗ, ಅದರಲ್ಲೂ ಹೊರದೇಶದವರು ಇರುತ್ತಾರೆ. ನಮ್ಮವರು ಅಂದರೆ, 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ 52ನೆಯವನಾಗಿ ಡಲ್ಲಸ್‌ಗೆ ಆಯ್ಕೆಯಾದ. ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲಿಗ. ಅದೇ ವರ್ಷ ಕೆನಡಾದ ಸಿಮ್ ಭುಲ್ಲರ್ ಭಾರತ ಮೂಲದ ಮೊದಲ ಎನ್‌ಬಿಎ ಆಟಗಾರನಾದ. ಇಬ್ಬರೂ ಏಳಡಿಗಿಂತ ಎತ್ತರ.

ಕನಸು ಕಾಣಲಿ. ಹೈಸ್ಕೂಲ್ ತಂಡದಲ್ಲಿ ಜಾಗ ಸಿಕ್ಕಿದ್ದೇ ಇಲ್ಲಿ ಸಣ್ಣ ವಿಷಯ ಅಲ್ಲ. ನೀವು ಮಾತ್ರ ಪ್ರತಿ ಪಂದ್ಯಕ್ಕೂ ಹೋಗಿ ಕೂತುಕೊಳ್ಳಿ.

ಲವ್ ಕೆರೊಲಿನಾ ಬಿಟ್ಟು ಅರಿಜೋನಾಗೆ ಹೋದ. ಅವನನ್ನು ಇನ್ನೂ ನಮ್ಮವನು ಅನ್ನಬಹುದಾ?

2022ರ ಆ ವಸಂತದ ನಂತರ ಎಲ್ಲರೂ ಕೆರೊಲಿನಾವನ್ನು ದೇಶದ ಮೊದಲ ತಂಡ ಅಂತ ಬರೆದರು. ನಾಲ್ವರು ವಾಪಸ್ ಬಂದಿದ್ದರು. ಆದರೆ 2023ರಲ್ಲಿ ತಂಡ ರಾಷ್ಟ್ರೀಯ ಟೂರ್ನಮೆಂಟನ್ನೇ ತಲುಪಲಿಲ್ಲ. ಬೈಗುಳ ಜಾಸ್ತಿ ಬಿದ್ದಿದ್ದು ಲವ್ ಮೇಲೆ. ಅವನು ಹೊರಟ. ನಮ್ಮ ಪೈಕಿಯೇ ಎಷ್ಟೋ ಜನ ಹೋಗಲಿ ಬಿಡು ಅಂದರು. ಆ ಮಾತು ನನಗೆ ಅವತ್ತೂ ಹಿಡಿಸಲಿಲ್ಲ. ಅರಿಜೋನಾದಲ್ಲಿ ಮೊದಲ ವರ್ಷವೇ ಪ್ಯಾಕ್-12 ಲೀಗಿನ ಶ್ರೇಷ್ಠ ಆಟಗಾರನಾದ.

2025ರ ಮಾರ್ಚ್ 27, ನ್ಯೂವಾರ್ಕ್. ಟೂರ್ನಮೆಂಟಿನ ಕೊನೆಯ ಹದಿನಾರರ ಪಂದ್ಯ, ಅರಿಜೋನಾ ಎದುರು ಡ್ಯೂಕ್. ಆ ಕಡೆ ಕೂಪರ್ ಫ್ಲ್ಯಾಗ್, ಮೂರು ತಿಂಗಳಲ್ಲಿ ಡ್ರಾಫ್ಟಿನ ಮೊದಲನೆಯವನಾಗಲಿದ್ದ ಹುಡುಗ, 30 ಹಾಕಿದ. ಈ ಕಡೆ ಯಾರೂ ಕರೆಯದೆ ಹೋಗಲಿದ್ದ ಲವ್ 35 ಹಾಕಿದ. ಡ್ಯೂಕ್ 100-93ರಿಂದ ಗೆದ್ದಿತು. ಲವ್‌ನ ಕೊನೆಯ ಕಾಲೇಜು ಪಂದ್ಯ ಅದು, ಅದೂ ಡ್ಯೂಕ್ ಎದುರೇ.

ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಮಕ್ಕಳು ಬೀರುವಿನಿಂದ ತಿಳಿ ನೀಲಿ ಅಂಗಿ ತೆಗೆದು ಹಾಕಿಕೊಂಡು ಕೂತಿದ್ದರು. ಆಡುತ್ತಿದ್ದುದು ಅರಿಜೋನಾ ಅಲ್ವಾ ಅಂತ ಯಾರೂ ಕೇಳಲಿಲ್ಲ.